ಎರಡನೆಯ ಕುರ್ಚಿ

ಬೈತಖೋಲದ ಬಂದರು ಕಚೇರಿ, ಮೇಲ್ಮಹಡಿ.
ವಿಮೆಯವರ ವಿಚಾರಣೆ, ಹನ್ನೊಂದು ಗಂಟೆಗೆ.
ನನ್ನ ಪಕ್ಕದ ಕುರ್ಚಿಯಲ್ಲಿ ಒಂಬತ್ತು ವರ್ಷ
ರೇವಣಕರ ಮಾಸ್ತರು ಕೂತಿದ್ದರು
ಕನ್ನಡಕ ಹಣೆಗೇರಿಸಿ, ಪೆನ್ಸಿಲ್ ಹಿಡಿದು.
ನಾನು ಕೊಂಕಣಿಯನ್ನು ಕನ್ನಡಕ್ಕೆ ದಾಟಿಸುತ್ತಿದ್ದರೆ
ಅವರು ಹಳೇ ಲಗ್ನಪತ್ರಿಕೆಯ ಬೆನ್ನಿನ ಮೇಲೆ
ಅಂಕಿಗಳನ್ನಷ್ಟೇ ಹಿಡಿದಿಡುತ್ತಿದ್ದರು:
ತಾರೀಖು, ಡೀಸೆಲ್ಲು, ದೋಣಿಯ ನಂಬರು.
ಮಾತಿನ ನಡುವೆ ಅಂಕಿ ಬಂತೆಂದರೆ ನನಗೆ
ಜೀವಂತ ಬಂಗುಡೆ ಕೈಗೆ ಕೊಟ್ಟಂತೆ.

ಈಗ ಆ ಕುರ್ಚಿಯಲ್ಲಿ ಒಂದು ಟ್ಯಾಬ್.
ಆಡಿದ್ದನ್ನು ಆಡುತ್ತಿರುವಾಗಲೇ ಬರೆಯುತ್ತದೆ,
ಅಂಕಿ ಬಂದರೆ ಹಳದಿ ಬಳಿಯುತ್ತದೆ.
ಕೆಮ್ಮುವುದಿಲ್ಲ, ಚಹಾ ಕೇಳುವುದಿಲ್ಲ,
ನಾನು ತಪ್ಪಿದಾಗ
ಮೊಣಕೈಯಿಂದ ತಿವಿಯುವುದೂ ಇಲ್ಲ.

ಅರ್ಜಿದಾರಳು ಪಾರೂ ತಾಂಡೇಲ, ಕೋಡಿಬಾಗ.
ಮುಡಿಯಲ್ಲಿ ಅಬ್ಬಲಿ ದಂಡೆ;
ಗುಮಾಸ್ತ ಅದನ್ನೇ ನೋಡುತ್ತಿದ್ದಾನೆ.
ಮಹಾಸತಿ ಪ್ರಸಾದ ಹೋದದ್ದು ಕೂರ್ಮಗಡದ ಆಚೆ.
ಒಂದು ಹಲಗೆ ಮಾಜಾಳಿಯಲ್ಲಿ ಸಿಕ್ಕಿತು.
ಗಂಡ ಸಿಗಲಿಲ್ಲ.

ಹಗ್ಗ ಎಷ್ಟಿತ್ತು?
"ಸತ್ತರ ವಾಂವ್."
ಹದಿನೇಳು ಮಾರು, ಅಂದೆ.
ಪರದೆಯ ಮೇಲೆ ಹಳದಿಯಲ್ಲಿ: ಎಪ್ಪತ್ತು.
ಸತ್ರಾ ಅಲ್ಲ, ಸತ್ತರ.
ನಾನು ತೊಟ್ಟಿಲಲ್ಲಿ ಕೇಳಿದ ಭಾಷೆ
ಅದು ಮೊನ್ನೆ ಮೊನ್ನೆ ಕಲಿತದ್ದು.
"ದುಭಾಷಿ ತಿದ್ದಿಕೊಳ್ಳುತ್ತಾಳೆ, ಎಪ್ಪತ್ತು ಮಾರು" ಎಂದೆ,
ನನ್ನನ್ನೇ ಯಾರೋ ಮೂರನೆಯವಳಂತೆ ಕರೆದು.
ಗೆದ್ದೆನೆಂದು ಅದು ಬೀಗಲಿಲ್ಲ.
ಒಳ್ಳೆಯ ಗುಣ, ಮಾಸ್ತರಿಗೆ ಇರದಿದ್ದದ್ದು.

ಆಮೇಲೆ ಅವಳು: "ವಾರೆಂ ಫಿರ್ಲೆಂ."
ಗಾಳಿ ತಿರುಗಿತು, ಎನ್ನುವಷ್ಟರಲ್ಲಿ
ಪರದೆ ಬರೆದಾಗಿತ್ತು: ವಾರ ಇರಲಿ.
ವಕೀಲರು ಕಿವಿಗಿಂತ ಕಣ್ಣನ್ನು ನಂಬುವವರು.
"ಒಂದು ವಾರ ಸುಮ್ಮನಿದ್ದಿರಾ? ದೂರು ಯಾಕೆ ತಡ?"
ವಾರವಲ್ಲ ಸ್ವಾಮಿ, ಗಾಳಿ.
"ಇಲ್ಲಿ ಬರೆದಿದೆಯಲ್ಲ!"
ಬರೆದಿದೆ. ಬೀಸಿದ್ದು ಬೇರೆ.
ಕಿಟಕಿಯಾಚೆ ಟ್ರಾಲರುಗಳ ಬಾವುಟಗಳೆಲ್ಲ
ಒಂದೇ ಕಡೆ ಮುಖ ಮಾಡಿ ಪಟಪಟಿಸುತ್ತಿದ್ದವು.
ಅವನ್ನು ಸಾಕ್ಷಿಗೆ ಕರೆಯುವ ಅಧಿಕಾರ
ನನಗಿಲ್ಲ.

ಕೊನೆಯ ಪ್ರಶ್ನೆ, ನಮೂನೆ ತುಂಬಲಿಕ್ಕೆ:
ಮೃತನ ಹೆಸರು?
ಪಾರೂ ಹೆಸರು ಹೇಳಲಿಲ್ಲ.
"ಆಸಾ," ಅಂದಳು.
ಪರದೆಯಲ್ಲಿ: ಆಶಾ.
ಗುಮಾಸ್ತ ತಲೆಯೆತ್ತಿದ:
ಆಶಾ ಯಾರು, ಮಗಳೇ?
ವಾರಸುದಾರರ ಪಟ್ಟಿಗೆ ಸೇರಿಸಲೇ?

ನನ್ನ ಬಾಯಿ ತೆರೆದೇ ಇತ್ತು.
ಇದ್ದಾನೆ ಎಂದರೆ ಅರ್ಜಿಯೇ ಬಿದ್ದುಹೋಗಬಹುದು,
ಇರುವವನಿಗೆ ಯಾರು ಪರಿಹಾರ ಕೊಡುತ್ತಾರೆ?
ತಪ್ಪು ನನ್ನದಲ್ಲ, ಯಂತ್ರದ್ದು.
ಸುಮ್ಮನಿದ್ದರೆ ಸಾಕು,
ಆಶಾ ಎಂಬ ಇಲ್ಲದ ಹುಡುಗಿ
ತಾಂಡೇಲರ ಮನೆಯಲ್ಲಿ ಹುಟ್ಟಿ ದೊಡ್ಡವಳಾಗಿ
ರುಜು ಹಾಕಿ ಹೋಗುತ್ತಾಳೆ.
ಕೂಡಿಸದೆ, ಕಳೆಯದೆ, ಎಂದು ಬೆಳಿಗ್ಗೆಯಷ್ಟೇ
ಪ್ರಮಾಣ ಮಾಡಿದ ಬಾಯಿ ಇದು.
ಮಾಸ್ತರಿದ್ದರೆ ಈ ಹೊತ್ತಿಗೆ ಪೆನ್ಸಿಲ್ ಬೀಳಿಸುತ್ತಿದ್ದರು,
ಹೆಕ್ಕುವಷ್ಟು ಹೊತ್ತಾದರೂ ನನಗೆ ಸಿಗಲೆಂದು.
ಟ್ಯಾಬಿನ ಕೈಯಿಂದ ಏನು ಬಿದ್ದೀತು.

"ಇದ್ದಾನೆ," ಅಂದೆ, "ಎನ್ನುತ್ತಾಳೆ."

ಪರದೆ ಈ ಸಲ ಅಕ್ಷರ ತಪ್ಪಲಿಲ್ಲ.
ಹಳದಿ ಬಳಿಯಲಿಲ್ಲ, ಅದು ಅಂಕಿಯಲ್ಲವಲ್ಲ.
ವಕೀಲರು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದರು.
ಪಾರೂ ಅಬ್ಬಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಎಲ್ಲರೂ ಹೋದ ಮೇಲೆ
ಯಂತ್ರದ ಪದಪಟ್ಟಿ ತೆರೆದೆ, ಕಲಿಸಬೇಕಲ್ಲ.
ವಾರೆಂ: ಗಾಳಿ. ಸೇರಿಸಿದೆ.
ವಾಂವ್: ಮಾರು. ಸೇರಿಸಿದೆ.
ಆಸಾ:
ಅಲ್ಲಿ ಕರ್ಸರು ಮಿಟುಕುತ್ತ ನಿಂತಿತು, ನಾನೂ ನಿಂತೆ.
ಮೈಕು ಆರಿಸಲು ಮರೆತಿದ್ದೆ.
ಕೆಳಗೆ ಧಕ್ಕೆಯಲ್ಲಿ ಯಾರೋ ಮಂಜುಗಡ್ಡೆ ಒಡೆಯುತ್ತಿದ್ದರು;
ಆ ಸದ್ದನ್ನು ಮಾತೆಂದು ತಿಳಿದು ಅದು
ಸಾಲು ಸಾಲಾಗಿ ಏನೇನೋ
ಬರೆಯತೊಡಗಿತು.